ಬೆಳ್ಳಟ್ಟಿ ಗೌಡಶಾನಿಯ ಅಳತೆಯ ಅಂಬಾಸಿಡರ್

ಬೆಟಗೇರಿಯಲ್ಲಿ ನಮ್ಮ ಗ್ಯಾರೇಜು ಇದ್ದದ್ದು ನನ್ನ ತಂದೆಯವರ ಮಗ್ಗದ ಮನೆಯಲ್ಲಿ. ಕುಣಿಮಗ್ಗವನ್ನು ಕಾಣದವರಿಗಾಗಿ ಹೇಳಬೇಕು: ನೇಕಾರನು ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತು, ಅಲ್ಲಿರುವ ಹಲಗೆಗಳನ್ನು ತುಳಿಯುತ್ತ ಸೀರೆ ನೇಯುತ್ತಾನೆ. ತಂದೆಯವರು ನೇಯ್ಗೆ ಬಿಟ್ಟ ಮೇಲೆ ಆ ಜಾಗವನ್ನು ಮೆಹಬೂಬಸಾಬ ಎಂಬ ಮೋಟಾರು ಮಿಸ್ತ್ರಿ, ಎಲ್ಲರ ಬಾಯಲ್ಲಿ ಉಸ್ತಾದರು, ಬಾಡಿಗೆಗೆ ಹಿಡಿದರು. ಕುಣಿಯನ್ನು ಇನ್ನಷ್ಟು ಉದ್ದ, ಇನ್ನಷ್ಟು ಆಳ ಮಾಡಿಸಿ, ಮೇಲೆ ಕಾರು ನಿಲ್ಲಿಸಿ ಕೆಳಗೆ ನಿಂತು ದುರಸ್ತಿ ಮಾಡುವ ಏರ್ಪಾಡು ಮಾಡಿಕೊಂಡರು. ಬಿ.ಎ. ಮುಗಿಸಿ, ನೌಕರಿಗೆ ಅರ್ಜಿ ಹಾಕಿ ಹಾಕಿ ದಣಿದಿದ್ದ ನಾನು ಒಂದು ದಿನ ಸುಮ್ಮನೆ ನೋಡಲು ಹೋದವನು ಅಲ್ಲೇ ಕೆಲಸಕ್ಕೆ ನಿಂತೆ.

ತಂದೆಯವರು ಬಾಗಿಲಲ್ಲಿ ನಿಂತು ನನ್ನನ್ನು ಮೇಲಿನಿಂದ ನೋಡಿ ಹೇಳಿದ್ದಿಷ್ಟು: "ಈ ಕುಣ್ಯಾಗಿಂದ ಮ್ಯಾಲ ಬರ್ಲಿ ಅಂತ ನಿನ್ನ ಕಾಲೇಜಿಗೆ ಹಾಕಿದ್ನೆಪಾ. ನೀ ಪದವಿ ತಗೊಂಡು ಬಂದು ಅದ ಕುಣ್ಯಾಗ ಇಳದಿ."

ನಮ್ಮ ಮನೆತನದ ಮೊದಲ ಪದವೀಧರನಾದ ನನಗೆ ಇದಕ್ಕೆ ವ್ಯಾಕರಣಬದ್ಧವಾದ ಉತ್ತರ ಇಂದಿಗೂ ಸಿಕ್ಕಿಲ್ಲ. ಈಗ ಮೊಣಕಾಲುಗಳೇ ನನಗೆ ನಿವೃತ್ತಿಯನ್ನು ಮಂಜೂರು ಮಾಡಿವೆ. ಈ ಕೆಲಸಕ್ಕೆ ಹೊಸದಾಗಿ ಸೇರುವವರು ಬಂದು, "ಹಳೆಯ ಕಾರನ್ನು ಕಡಿಮೆ ಖರ್ಚಿನಲ್ಲಿ ಹೊಸದು ಮಾಡುವುದು ಹೇಗೆ?" ಎಂದು ಕೇಳುತ್ತಾರೆ. ಪ್ರಶ್ನೆಯೇ ಸರಿಯಿಲ್ಲ. ಹಳೆಯ ಕಾರು ಎಂದಿಗೂ ಹೊಸದಾಗುವುದಿಲ್ಲ. ಒಳ್ಳೆಯ ಕೆಲಸವಾದರೆ ಅದು ತನ್ನ ಒಡೆಯನ ಮಾತನ್ನು ಕೇಳುವಂತಾಗುತ್ತದೆ; ಕೆಟ್ಟ ಕೆಲಸವಾದರೆ ಬಣ್ಣ ಮಾತ್ರ ಹೊಳೆಯುತ್ತದೆ. ನಾವು ಎರಡೂ ಬಗೆಯ ಕೆಲಸ ಮಾಡಿದ್ದೇವೆ.

ಗದಗ ಪ್ರತ್ಯೇಕ ಜಿಲ್ಲೆಯಾದದ್ದು ನಮ್ಮ ಕಸುಬಿನ ಪಾಲಿಗೆ ದೊಡ್ಡ ಸುಗ್ಗಿ. ಮೊದಲು ಫಲಕಗಳು ಬಂದವು, ಆಮೇಲೆ ಬಾಡಿಗೆ ಮನೆಗಳಲ್ಲಿ ಕಚೇರಿಗಳು ಬಂದವು, ಕಚೇರಿಗಳ ಹಿಂದೆ ಸಾಹೇಬರು ಬಂದರು, ಸಾಹೇಬರ ಹಿಂದೆ ಅವರನ್ನು ಕಾಣಬೇಕಾದವರು ಬಂದರು. ಜಿಲ್ಲಾ ಕೇಂದ್ರಕ್ಕೆ ಬಸ್ಸಿನಲ್ಲಿ ಇಳಿಯುವುದು ಅಗೌರವವೆಂದು ಹಲವರಿಗೆ ಏಕಕಾಲಕ್ಕೆ ಹೊಳೆಯಿತು. ಹೊಸ ಕಾರು ಕೊಳ್ಳುವ ಶಕ್ತಿಯಿಲ್ಲದವರು ಎಲ್ಲಿಯೋ ಬಿದ್ದಿದ್ದ ಖಟಾರಾ ಗಾಡಿಗಳನ್ನು ಎಳೆಸಿಕೊಂಡು ನಮ್ಮಲ್ಲಿಗೆ ಬಂದರು. ಎಲ್ಲರ ಬೇಡಿಕೆಯೂ ಒಂದೇ: "ಹೊಸಾದರಂಗ ಆಗ್ಬೇಕ್ರಿ ಉಸ್ತಾದ. ಖರ್ಚಿನ ಮಾತ ಮಾತ್ರ ತಗೀಬ್ಯಾಡ್ರಿ."

ಮುಂಡರಗಿಯ ಅರಿವೆ ವ್ಯಾಪಾರಿಯೊಬ್ಬರು ಗುಜರಿಯಿಂದ ಬಸ್ಸಿನ ಹಾರ್ನೊಂದನ್ನು ತಂದು, ಅದನ್ನೇ ತಮ್ಮ ಕಾರಿಗೆ ಹಚ್ಚಬೇಕೆಂದು ಹಟ ಹಿಡಿದರು. ಹಚ್ಚಿಕೊಟ್ಟೆವು. ಅವರು ಮುಂಡರಗಿ ನಿಲ್ದಾಣದ ಮುಂದೆ ಅದನ್ನು ಬಾರಿಸಿದಾಗಲೆಲ್ಲ ಪ್ರಯಾಣಿಕರು ಗಂಟುಮೂಟೆ ಎತ್ತಿಕೊಂಡು ಏಳುತ್ತಿದ್ದರು. ಬಂದದ್ದು ಬಸ್ಸಲ್ಲವೆಂದು ತಿಳಿದ ಮೇಲೆ ವ್ಯಾಪಾರಿಯ ಕುಲಗೋತ್ರವನ್ನೆಲ್ಲ ಎತ್ತಾಡುತ್ತಿದ್ದರು. ಲಕ್ಷ್ಮೇಶ್ವರದ ಇನ್ನೊಬ್ಬರು ಮನೆಯ ಬಾಗಿಲಿಗೆ ಹಚ್ಚಿ ಉಳಿದ ಹಸಿರು ಬಣ್ಣವನ್ನು ತಂದುಕೊಟ್ಟು, "ಬಣ್ಣ ಬಣ್ಣನ ಅಲ್ಲೇನ್ರಿ?" ಎಂದರು. ಬಾಗಿಲಿನ ಬಣ್ಣ ಕಾರಿನ ಮೇಲೆ ಒಣಗುವ ಮೊದಲೇ ಅವರು ಊರಿಗೆ ಹೊರಟರು. ದಾರಿಯ ಎರೆಮಣ್ಣಿನ ಧೂಳೆಲ್ಲ ಅದಕ್ಕೆ ಅಂಟಿ, ಲಕ್ಷ್ಮೇಶ್ವರ ತಲುಪುವ ಹೊತ್ತಿಗೆ ಕಾರಿನ ಮೇಲೆ ಜೋಳ ಬಿತ್ತಬಹುದಾಗಿತ್ತು.

ಇವೆಲ್ಲ ನಗುವ ಮಾತುಗಳು. ಈ ಕಸುಬಿನಲ್ಲಿ ನಾನು ಕಲಿತ ಮುಖ್ಯ ಪಾಠ ಬೆಳ್ಳಟ್ಟಿಯ ನೀಲಮ್ಮನವರ ಗಾಡಿಯದು. ಅಲ್ಲಿಯೂ ನಗುವುದಕ್ಕೆ ಕೊರತೆಯೇನೂ ಇರಲಿಲ್ಲ.

ನೀಲಮ್ಮನವರು ಗೌಡಶಾನಿ, ಎಂದರೆ ಗೌಡರ ಹೆಂಡತಿ. ಗೌಡರು ತೀರಿಕೊಂಡಿದ್ದರು. ಮಹಿಳಾ ಮೀಸಲು ಬಂದದ್ದರಿಂದ ಮೈದುನ ಚನ್ನಬಸನಗೌಡರು ಇವರನ್ನು ಚುನಾವಣೆಗೆ ನಿಲ್ಲಿಸಿ, ಜಿಲ್ಲಾ ಪಂಚಾಯಿತಿಯ ಸದಸ್ಯೆಯನ್ನಾಗಿ ಮಾಡಿದ್ದರು. ಮಾಡಿದ್ದರು ಎಂಬ ಪದವನ್ನು ಯೋಚಿಸಿಯೇ ಬಳಸಿದ್ದೇನೆ. ಗದ್ದುಗೆ ಅತ್ತಿಗೆಯದು, ಮೀಸೆ ಮೈದುನನದು ಎಂಬುದು ಅವರ ಲೆಕ್ಕ.

ಒಂದು ಬೆಳಗ್ಗೆ ಅವರು ಬಸ್ಸಿಳಿದು, ಇಳಕಲ್ ಸೀರೆಯ ಸೆರಗನ್ನು ತಲೆತುಂಬ ಹೊದ್ದುಕೊಂಡು ನಮ್ಮ ಗ್ಯಾರೇಜಿಗೆ ಬಂದರು. ಆಳು ಐದಡಿಗಿಂತ ಕಡಿಮೆ, ದನಿ ಮಾತ್ರ ಮಾಳಿಗೆ ಮುಟ್ಟುವಂಥದು.

"ನಮ್ಮನಿಯವರ ಅಂಬಾಸಿಡರ್ ಗಾಡಿ ದನದ ಕೊಟ್ಟಿಗ್ಯಾಗ ನಿಂತೈತಿ. ಅದು ಓಡಬೇಕು."

"ಡ್ರೈವರ್ ಅದಾನೇನ್ರಿ ಅವ್ವಾರ?" ಎಂದರು ಉಸ್ತಾದರು.

"ಅದಾನ. ನಿಮ್ಮ ಮುಂದ ನಿಂತಾನ."

ಉಸ್ತಾದರು ಆಚೀಚೆ ನೋಡಿದರು. ಅವರ ಮುಂದೆ ನಿಂತವರು ನೀಲಮ್ಮನವರೊಬ್ಬರೇ.

ಆಮೇಲೆ ಅವರು ಕುರ್ಚಿಯಲ್ಲಿ ಕುಳಿತು ಕಾರಣ ಹೇಳಿದರು. ಬೆಳ್ಳಟ್ಟಿಗೆ ನೀರಿನ ಟಾಕಿಯೊಂದು ಮಂಜೂರಾಗುವುದಿತ್ತು. ಕೆಳಗಿನ ಓಣಿಯವರು ಕುಡಿಯುವ ನೀರಿಗೆ ಊರ ಹೊರಗಿನ ಬಾವಿಗೆ ಹೋಗುತ್ತಿದ್ದರು. ಟಾಕಿ ಆ ಓಣಿಯಲ್ಲೇ ಆಗಬೇಕೆಂಬುದು ನೀಲಮ್ಮನವರ ಮಾತು. ತಮ್ಮ ಹೊಸ ಮನೆಯ ಹಿಂದೆ ಆಗಬೇಕೆಂಬುದು ಮೈದುನರ ಮಾತು. ಜಾಗ ತೀರ್ಮಾನವಾಗುವುದು ಗದಗಿನ ಸಭೆಯಲ್ಲಿ. ಕೈ ಎತ್ತುವ ಅಧಿಕಾರ ಸದಸ್ಯೆಗೆ ಮಾತ್ರ. ಆದರೆ ಸದಸ್ಯೆ ಅಲ್ಲಿಗೆ ತಲುಪಬೇಕಲ್ಲ! ಸಭೆಯ ದಿನವೇ ಮೈದುನರ ಜೀಪು ತಪ್ಪದೆ ಕೆಡುತ್ತಿತ್ತು. ಅತ್ತಿಗೆಯನ್ನು ಮನೆಯಲ್ಲಿ ಕೂರಿಸಿ, ಅವರು ಇನ್ನೊಬ್ಬರ ಮೋಟಾರ್‌ಸೈಕಲ್ ಹತ್ತಿ ಗದಗಿಗೆ ಹೋಗಿ, "ನಮ್ಮ ವೈನಿಗೆ ಆರಾಮಿಲ್ರಿ, ಅವರ ಮಾತು ನಾ ಹೇಳತೀನಿ" ಎಂದು ತಮ್ಮ ಮಾತನ್ನು ಹೇಳಿ ಬರುತ್ತಿದ್ದರು. ಬಸ್ಸು ಹಿಡಿದು ಬಂದರೆ ಸಭೆ ಮುಗಿದು ಚಹಾದ ಕಪ್ಪುಗಳನ್ನು ತೊಳೆಯುತ್ತಿರುತ್ತಿದ್ದರು.

"ನನಗ ಕಾಯಿಲೆ ಏನೂ ಇಲ್ರಿ," ಎಂದರು ನೀಲಮ್ಮನವರು. "ಇರೋದು ಒಂದ ಕಾಯಿಲೆ. ಅವನ ಜೀಪು."

ನಾವು ಬೆಳ್ಳಟ್ಟಿಗೆ ಹೋದೆವು. ಕೊಟ್ಟಿಗೆಯಲ್ಲಿ, ಎಮ್ಮೆಯ ಪಕ್ಕದಲ್ಲಿ, ಬಿಳಿಯ ಬಣ್ಣದ ಅಂಬಾಸಿಡರ್ ನಿಂತಿತ್ತು. ಬಿಳಿಯೆಂದು ನಾನು ನಂಬಿಕೆಯ ಮೇಲೆ ಹೇಳುತ್ತಿದ್ದೇನೆ. ಹಿಂದಿನ ಸೀಟಿನಲ್ಲಿ ಕೋಳಿಯೊಂದು ಕಾವಿಗೆ ಕುಳಿತಿತ್ತು. ನಾವು ಬಾಗಿಲು ತೆಗೆದಾಗ ಅದು ಬಾಡಿಗೆದಾರನ ಹಕ್ಕನ್ನು ಚಲಾಯಿಸಿ ಉಸ್ತಾದರ ಕೈಯನ್ನು ಕುಕ್ಕಿತು. ವೈರುಗಳನ್ನೆಲ್ಲ ಇಲಿಗಳು ತಿಂದು ತೀರಿಸಿದ್ದವು. ಕೆಳಗಿನ ತಗಡು ಎಷ್ಟು ತುಕ್ಕು ಹಿಡಿದಿತ್ತೆಂದರೆ, ಒಳಗೆ ಕಾಲಿಟ್ಟ ನಾನು ನೇರವಾಗಿ ಸಗಣಿಯ ಮೇಲೆ ನಿಂತಿದ್ದೆ.

ಚನ್ನಬಸನಗೌಡರು ಬಂದರು. ಎತ್ತರವಾದ ಆಳು, ಅದಕ್ಕೆ ತಕ್ಕ ಹೊಟ್ಟೆ, ಹೊಟ್ಟೆಗೆ ತಕ್ಕ ನಗು. "ವೈನಿ, ಗುಜರಿಯವಗ ಹಾಕ್ರಿ ಇದನ್ನ, ಬೆಲ್ಲಾನರ ಬರತೈತಿ," ಎಂದು ಮೊದಲು ನಕ್ಕರು. ಆಮೇಲೆ ನನ್ನ ಹೆಗಲ ಮೇಲೆ ಕೈ ಹಾಕಿ, ತುಸು ದೂರ ಕರೆದೊಯ್ದು, "ಮಾಡ್ರಿ, ಚಲೋ ಮಾಡ್ರಿ. ಗಾಡಿ ಓಡೂ ಹಂಗ ಆದ ಮ್ಯಾಲ ನಾನ ಇಟ್ಕೊಳ್ಳಾವ. ಹೆಂಗಸರಿಗೆ ಎದಕ್ಕ ಬೇಕು?" ಎಂದರು.

ಈ ಮಾತನ್ನು ನಾನು ನೀಲಮ್ಮನವರಿಗೆ ತಿಳಿಸಿದೆ. ಅವರು ಅಚ್ಚರಿಪಡಲಿಲ್ಲ. "ನಂಗೊತ್ತೈತಿ," ಎಂದರು. "ಜೀಪನ್ನೂ ಹಂಗ ಇಟ್ಕೊಂಡಾನ. ಅದೂ ನಮ್ಮನಿಯವರದ." ಸ್ವಲ್ಪ ಹೊತ್ತು ಕೋಳಿಯನ್ನೇ ನೋಡುತ್ತಿದ್ದು, "ಉಸ್ತಾದ, ನಂಗ ಹೊಂದೂ ಹಂಗ ಮಾಡ್ರಿ. ನಂಗ ಮಾತ್ರ," ಎಂದರು.

ನಮ್ಮ ಕಸುಬಿನ ತಿರುಳು ಈ ಮಾತಿನಲ್ಲಿದೆ ಎಂದು ಅಂದು ನನಗೆ ಹೊಳೆಯಲಿಲ್ಲ. ಉಸ್ತಾದರಿಗೆ ಹೊಳೆದಿರಬೇಕು, ಅವರು ಅಲ್ಲಿಯೇ ಗೋಣಿದಾರದಿಂದ ಗೌಡಶಾನಿಯ ಅಳತೆ ತೆಗೆಯತೊಡಗಿದರು. ದರ್ಜಿಗಳು ಎದೆ, ತೋಳು ಅಳೆಯುತ್ತಾರೆ. ಇವರು ಅಂಗಾಲಿನಿಂದ ಮೊಣಕಾಲಿಗೆ, ಕುಳಿತಲ್ಲಿಂದ ಕಣ್ಣಿಗೆ ಎಷ್ಟಾಗುತ್ತದೆಂದು ದೂರದಲ್ಲೇ ದಾರ ಹಿಡಿದು ಗಂಟು ಹಾಕಿಕೊಂಡರು.

ಗಾಡಿಯನ್ನು ಟ್ರಾಕ್ಟರಿಗೆ ಕಟ್ಟಿ, ಶಿರಹಟ್ಟಿಯ ಮೇಲಿಂದ ಎಳೆತಂದೆವು. ಬ್ರೇಕಿಲ್ಲದ ಕಾರಿನ ಸ್ಟಿಯರಿಂಗ್ ಚಕ್ರ ಹಿಡಿದು ಕುಳಿತವನು ನಾನು. ಶಿರಹಟ್ಟಿಯ ಇಳಿಜಾರಿನಲ್ಲಿ ಕಾರು ಟ್ರಾಕ್ಟರನ್ನು ಹಿಂದೆ ಹಾಕಲು ನೋಡಿತು. ನಾನು ಓದಿದ ಯಾವ ಪಠ್ಯದಲ್ಲಿಯೂ ಅದಕ್ಕೆ ಪರಿಹಾರವಿರಲಿಲ್ಲವಾದ್ದರಿಂದ ಬಾಗಿಲು ತೆಗೆದು ಕಾಲನ್ನು ನೆಲಕ್ಕೆ ಊರಿದೆ. ಚಪ್ಪಲಿ ಇಂದಿಗೂ ಅಲ್ಲಿಯೇ ಇರಬೇಕು.

ಇನ್ನು ದುರಸ್ತಿಯ ಮಾತು. ಬಿಗಿದುಕೊಂಡಿದ್ದ ಎಂಜಿನ್ನಿಗೆ ಸೀಮೆಎಣ್ಣೆ ಕುಡಿಸಿ ಕಾದೆವು. ಅದು ಒಂದು ದಿನ ಮುನಿಸು ಬಿಟ್ಟು ತಿರುಗಿತು. ಕೆಳಗಿನ ತಗಡಿಗೆ ಡಾಂಬರಿನ ಬ್ಯಾರಲ್ ಕತ್ತರಿಸಿ ಬೆಸುಗೆ ಹಾಕಿದೆವು. ಅಂದು ಬೆಸುಗೆ ಹಾಕಿ ಸುತ್ತಿಗೆಯಿಂದ ಬಡಿದು ಸಮ ಮಾಡುತ್ತಿದ್ದೆವು. ಇಂದಿನವರು ಅದನ್ನೇ ಪುಟ್ಟಿ ಮೆತ್ತಿ ಮುಗಿಸುತ್ತಾರೆ. ಪುಟ್ಟಿಯಿಂದ ಮುಖ ತಿದ್ದಬಹುದೇ ಹೊರತು ಎಲುಬನ್ನು ಕೂಡಿಸಲಾಗದು ಎಂಬುದನ್ನು ಹೊಸಬರು ಗಮನಿಸಬೇಕು. ವೈರುಗಳನ್ನು ಬೇರೆ ಬೇರೆ ಗುಜರಿ ಗಾಡಿಗಳಿಂದ ಬಿಚ್ಚಿ ತಂದೆವು. ಆದ್ದರಿಂದ ಮೊದಲ ಸಲ ದೀಪ ಹಚ್ಚಿದಾಗ ವೈಪರು ಆಡಿತು, ವೈಪರು ಆಡಿಸಿದಾಗ ಹಾರ್ನು ಕೂಗಿತು. "ಬಿ.ಎ. ಸಾಹೇಬ್ರ," ಎಂದು ಉಸ್ತಾದರು ಕುಣಿಯ ಕೆಳಗಿನಿಂದ ಕೇಳಿದರು, "ಬ್ರೇಕ್ ತುಳದ್ರ ಏನಾಗ್ತೈತಿ, ರೇಡಿಯೋ ಹತ್ತತೈತೇನ?" ಗಾಡಿಯಲ್ಲಿ ರೇಡಿಯೋ ಇರಲಿಲ್ಲ. ನಾನು ಎಲ್ಲ ವೈರುಗಳನ್ನೂ ಬಿಚ್ಚಿ ಮತ್ತೆ ಜೋಡಿಸಿದೆ.

ಬಳಿಕ ಗೌಡಶಾನಿಯ ಅಳತೆಯ ಕೆಲಸ ಶುರುವಾಯಿತು. ಅಂಬಾಸಿಡರಿನ ಮುಂದಿನ ಸೀಟು ಉದ್ದನೆಯ ಒಂದೇ ಹಾಸು. ಅದನ್ನು ಎತ್ತರಿಸಿ, ಚಕ್ರದ ಹತ್ತಿರಕ್ಕೆ ಸರಿಸಿ, ಹಿಂದೆ ಮುಂದೆ ಆಗದಂತೆ ಬೆಸುಗೆ ಹಾಕಿದೆವು. ಕಾಲಿಗೆ ಎಟುಕದ ಕ್ಲಚ್, ಬ್ರೇಕುಗಳಿಗೆ ಜಾಲಿಯ ಕಟ್ಟಿಗೆಯ ದಪ್ಪ ತುಂಡುಗಳನ್ನು ಬೋಲ್ಟಿನಿಂದ ಬಿಗಿದೆವು. ಸೀರೆಯ ಅಂಚು ಸಿಕ್ಕಿಕೊಳ್ಳದಂತೆ ಅವುಗಳ ಮೂಲೆಗಳಿಗೆ ಟಯರಿನ ರಬ್ಬರು ಸುತ್ತಿದೆವು. ತಲೆಯ ಮೇಲೆ ಸೆರಗಿದ್ದರೆ ಅಕ್ಕಪಕ್ಕ ಕಾಣುವುದಿಲ್ಲ. "ಸೆರಗು ತಗದ ನಡಸ್ರಿ ಅವ್ವಾರ" ಎಂದು ಹೇಳಿ ನಾನು ಬೈಸಿಕೊಂಡಿದ್ದೆ: "ಗಾಡಿ ನನಗ ಹೊಂದಬೇಕೋ, ನಾ ಗಾಡಿಗೆ ಹೊಂದಬೇಕೋ?" ಕೊನೆಗೆ ಲಾರಿಯ ಎರಡು ದೊಡ್ಡ ಕನ್ನಡಿಗಳನ್ನು ಎರಡೂ ಕಡೆ ಮುಂದಕ್ಕೆ ಚಾಚಿ ಕೂರಿಸಿದೆವು. ಗಾಡಿಗೆ ಆನೆಯ ಕಿವಿ ಮೂಡಿದಂತಾಯಿತು. ಆದರೆ ಸೆರಗಿನೊಳಗಿಂದ ಗೌಡಶಾನಿಗೆ ಅಕ್ಕಪಕ್ಕವೂ ಹಿಂದಿನ ಹಾದಿಯೂ ಕಾಣುತ್ತಿತ್ತು.

ಹಿಂದಿನ ಸೀಟಿನ ವಿಷಯದಲ್ಲಿ ನಾವೆಲ್ಲರೂ ಸೇರಿ ಒಂದು ಮೂರ್ಖತನ ಮಾಡಿದೆವು. ಫೋಮು ತುಟ್ಟಿ. ನೀಲಮ್ಮನವರು, "ಮನ್ಯಾಗ ಹತ್ತಿ ಬಿದ್ದೈತಿ, ಅದನ್ನ ಬಿಟ್ಟು ಪ್ಯಾಟಿಯಾಗಿಂದ ಯಾಕ?" ಎಂದು ಗೋಣಿಚೀಲಗಳಲ್ಲಿ ಹತ್ತಿ ಕಳಿಸಿದರು. ಗಿರಣಿಗೆ ಹಾಕಿ ಕಾಳು ತೆಗೆಸಬೇಕಲ್ಲವೇ ಎಂದು ನಾನು ಕೇಳಿದೆ. ಉಸ್ತಾದರು, "ಕಾಳು ಇರ್ಲಿ. ಕಾಳು ತಗದ ಅರಳಿ ಒಂದ ಆದ್ರ ಅಪ್ಪಚ್ಚಿ ಆಗ್ತೈತಿ. ಕಾಳಿದ್ರ ಸೀಟು ಪುಟಿತೈತಿ," ಎಂದರು. ಸಿದ್ಧಾಂತ ಎಲ್ಲರಿಗೂ ಒಪ್ಪಿಗೆಯಾಯಿತು. ಕಾಳುಸಹಿತ ಹತ್ತಿಯನ್ನು ತುಂಬಿ, ಅಸುಂಡಿಯ ಜಮಖಾನೆಯ ತುಂಡಿನಿಂದ ಹೊಲಿದೆವು. ಆಮೇಲೆ ಗಾಡಿ ಸೋರುತ್ತದೆಯೋ ಎಂದು ನೋಡಲು ಕೊಡಗಟ್ಟಲೆ ನೀರು ಸುರಿದೆವು. ಹಿಂದಿನ ಗಾಜಿನ ಸಂದಿಯಿಂದ ಧಾರಾಳವಾಗಿ ಸೋರಿತು. ಸಂದಿಯನ್ನು ಮುಚ್ಚಿದೆವು, ಗಾಡಿಯನ್ನು ಬಿಸಿಲಿಗೆ ನಿಲ್ಲಿಸಿ ಗಾಜುಗಳನ್ನು ಏರಿಸಿ ವಾರವಿಡೀ ಹಾಗೇ ಬಿಟ್ಟೆವು, ನಮ್ಮ ಬುದ್ಧಿಗೆ ನಾವೇ ಮೆಚ್ಚಿದೆವು.

ಈ ನಡುವೆ ನೀಲಮ್ಮನವರು ಅಸುಂಡಿಯ ತಂಗಿಯ ಮನೆಯಲ್ಲಿ ಉಳಿದು, ಕಲಿಯುವವರ ಲೈಸೆನ್ಸು ಮಾಡಿಸಿಕೊಂಡು, ಉಸ್ತಾದರ ಹಳೆಯ ಗಾಡಿಯೊಂದರಲ್ಲಿ ಚಾಲನೆ ಕಲಿಯುತ್ತಿದ್ದರು. ಕಲಿಸುವವನು ನಾನು.

"ಅವ್ವಾರ, ಕ್ಲಚ್ ಮೆಲ್ಲಕ ಬಿಡ್ರಿ."

"ಮೆಲ್ಲಕನ ಬಿಟ್ನೆಲ್ಲ."

"ಅದು ಮೆಲ್ಲಕ ಅಲ್ರಿ. ಗಾಡಿ ಜಿಗೀತು."

"ಗಾಡಿ ಜಿಗದ್ರ ನನ್ನ ಯಾಕ ಬೈತಿ? ಅದಕ್ಕ ಹೇಳು."

ಗದಗಿನ ಸಭೆಗೆ ಎರಡು ದಿನವಿರುವಾಗ ಗಾಡಿಯನ್ನು ನೋಂದಣಿ ನವೀಕರಣಕ್ಕಾಗಿ ತಪಾಸಣೆಗೆ ಒಯ್ದೆವು. ಅಂದು ತೇರ್ಗಡೆಯಾಗದಿದ್ದರೆ ಗಾಡಿ ರಸ್ತೆಗೆ ಇಳಿಯುವಂತಿರಲಿಲ್ಲ. ಇಳಿಯದಿದ್ದರೆ ಟಾಕಿ ಮೈದುನರ ಹಿತ್ತಿಲಿಗೆ ಹೋಗುವುದು ಖಚಿತವಿತ್ತು. ಇನ್‌ಸ್ಪೆಕ್ಟರ್ ಸಾಹೇಬರು ಮೈಸೂರಿನ ಕಡೆಯವರು. ಬ್ರೇಕು, ದೀಪ, ಹಾರ್ನು ಎಲ್ಲವನ್ನೂ ನೋಡಿ ತಲೆಯಾಡಿಸಿದರು. ಆಮೇಲೆ ಹಿಂದಿನ ಬಾಗಿಲು ತೆಗೆದವರು ಹಾಗೆಯೇ ನಿಂತರು.

"ಏನ್ರೀ ಇದು?"

ನಾವೂ ಬಗ್ಗಿ ನೋಡಿದೆವು. ಹಿಂದಿನ ಸೀಟಿನ ಹೊಲಿಗೆಯುದ್ದಕ್ಕೂ ಎಳೆಯ ಸಸಿಗಳು, ಎರಡೆರಡು ಹಸಿರು ಎಲೆಗಳನ್ನು ಬಿಚ್ಚಿಕೊಂಡು ಸಾಲಾಗಿ ಎದ್ದಿದ್ದವು. ಮುಚ್ಚಿದ ಗಾಜಿನ ಕಾವು, ಒಳಗಿನ ತೇವ, ಉಸ್ತಾದರ ಸಿದ್ಧಾಂತ, ಮೂರೂ ಕೂಡಿ ಫಲ ಕೊಟ್ಟಿದ್ದವು.

"ಜಯಧರ ಹತ್ತಿ ರೀ ಸಾಹೇಬ್ರ," ಎಂದರು ಉಸ್ತಾದರು, ಬೇರೇನೂ ತೋಚದೆ.

"ಅದು ಯಾವ ಹತ್ತಿ ಅಂತ ನಾನು ಕೇಳ್ಲಿಲ್ಲ. ಕಾರಲ್ಲಿ ಯಾಕಿದೆ ಅಂತ ಕೇಳ್ದೆ."

ನನ್ನ ಬಿ.ಎ. ಪದವಿ ಅಂದು ನನ್ನ ನೆರವಿಗೆ ಬರಲಿಲ್ಲ. ಬಂದವರು ನೀಲಮ್ಮನವರು. ನಮ್ಮನ್ನು ಸರಿಸಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಒಳಗೆ ಹೋಗಿ, ಹೊಲದಲ್ಲಿ ಕಳೆ ತೆಗೆಯುವ ಕೈಯಿಂದ ಸಸಿಗಳನ್ನೆಲ್ಲ ಕಿತ್ತು ಉಡಿಯಲ್ಲಿ ತುಂಬಿಕೊಂಡು ಹೊರಬಂದರು. "ಆತ್ರಿ ಸಾಹೇಬ್ರ. ಇನ್ನ ನೋಡ್ರಿ, ಗಾಡಿ ಗಾಡಿನ ಐತಿ."

ಸಾಹೇಬರು ನಗುವನ್ನು ತಡೆಯಲು ಕೆಮ್ಮಿದರು. ಸೀಟಿನ ಮೇಲೆ ಬೆಳೆ ತೆಗೆಯಬಾರದೆಂದು ತಮಗೆ ತಿಳಿದ ಯಾವ ನಿಯಮದಲ್ಲಿಯೂ ಬರೆದಿಲ್ಲವೆಂದೂ, ಗಾಡಿಯ ಬ್ರೇಕು ತಮ್ಮ ಸ್ವಂತ ಗಾಡಿಯದಕ್ಕಿಂತ ಚೆನ್ನಾಗಿದೆಯೆಂದೂ ಹೇಳಿ ತೇರ್ಗಡೆ ಮಾಡಿದರು. "ಮುಂದಿನ ಸಲ ಬರೋವಾಗ ಕಟಾವು ಮುಗಿಸ್ಕೊಂಡು ಬನ್ನಿ," ಎಂಬುದು ಅವರ ಕೊನೆಯ ಸೂಚನೆ.

ಸಭೆಯ ದಿನ ಬೆಳಗ್ಗೆ ನಾನು ಬೆಳ್ಳಟ್ಟಿಯಲ್ಲಿದ್ದೆ. ಕಲಿಯುವವರ ಪಕ್ಕದಲ್ಲಿ ಪೂರ್ಣ ಲೈಸೆನ್ಸು ಇದ್ದವನೊಬ್ಬ ಕೂರಬೇಕೆಂಬುದು ಕಾನೂನು. ತೊಳೆದು ನಿಲ್ಲಿಸಿದ ಗಾಡಿಯ ಸುತ್ತ ಅರ್ಧ ಊರು ನೆರೆದಿತ್ತು. ಚನ್ನಬಸನಗೌಡರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು, "ಕೀಲಿ ಕೊಡ್ರಿ ವೈನಿ. ನಾ ಹೊಡೀತೀನಿ. ನೀವ್ ಮನ್ಯಾಗ ಆರಾಮ ಇರ್ರಿ," ಎಂದು ಕೈ ಚಾಚಿದರು.

ಊರ ಮುಂದೆ ಮೈದುನನಿಗೆ ಎದುರಾಡುವುದು ಸಣ್ಣ ಮಾತಲ್ಲ. ನೀಲಮ್ಮನವರು ಕೀಲಿಯನ್ನು ಅವರ ಕೈಯಲ್ಲಿಟ್ಟರು.

"ತಗೋರಿ ಸಣ್ಣಗೌಡ್ರ. ಕುಂಡ್ರಿ."

ಗೌಡರು ಬಾಗಿಲು ತೆಗೆದು ಒಂದು ಕಾಲನ್ನು ಒಳಗಿಟ್ಟರು. ಮೊಣಕಾಲು ಚಕ್ರಕ್ಕೆ ತಗುಲಿತು. ಕಾಲನ್ನು ತೆಗೆದು ಹಿಂಬದಿಯನ್ನು ಮೊದಲು ಒಳಗೆ ತಂದರು. ಹೊಟ್ಟೆ ಚಕ್ರದ ಕೆಳಗೆ ಸಿಕ್ಕಿತು, ತಲೆ ಮೇಲಿನ ತಗಡಿಗೆ ಬಡಿಯಿತು. ಸೀಟನ್ನು ಹಿಂದೆ ಸರಿಸಲು ಕೈಹಾಕಿ ತಡಕಾಡಿದರು. ಸರಿಯುವಂಥದ್ದು ಅಲ್ಲಿ ಏನೂ ಇರಲಿಲ್ಲ. ಕಾಲನ್ನು ಕ್ಲಚ್ಚಿನ ಮೇಲಿಡಲು ಹೋದರೆ ಜಾಲಿಯ ತುಂಡು ಮೊಣಕಾಲನ್ನು ಗದ್ದಕ್ಕೆ ತಂದಿತು. ಹೊರಬರಲು ಹೆಣಗಾಡುವಾಗ ಅವರ ಹೊಟ್ಟೆಯೇ ಹಾರ್ನನ್ನು ಒತ್ತಿ ಹಿಡಿದು, ಇನ್ನೂ ಬಾರದಿದ್ದವರನ್ನೆಲ್ಲ ಓಣಿಯಿಂದ ಕರೆಸಿತು.

"ಏನ್ ಮಾಡೀರಿ ಇದಕ್ಕ?" ಎಂದು ನನ್ನ ಮೇಲೆ ರೇಗಿದರು.

"ಅವ್ವಾರ ಅಳತಿಗೆ ಮಾಡೇವ್ರಿ."

"ಸೀಟ್ ಹಿಂದ ಸರಸು!"

"ಬೆಸುಗೆ ಹಾಕೇವ್ರಿ ಗೌಡ್ರ. ಸರಿಬೇಕಾದ್ರ ಬೆಟಗೇರಿಗೆ ಒಯ್ದು ಕೊರೀಬೇಕು."

ಇಬ್ಬರು ಕೈಹಿಡಿದು ಎಳೆದ ಮೇಲೆ ಅವರು ಹೊರಬಂದರು. ನೀಲಮ್ಮನವರು ನಗಲಿಲ್ಲ, ನಕ್ಕಿದ್ದರೆ ಜಗಳವಾಗುತ್ತಿತ್ತು. ಕೀಲಿಯನ್ನು ಮರಳಿ ತೆಗೆದುಕೊಂಡು, "ಪಾಪ, ನಿಮಗ ಇಕ್ಕಟ್ಟಾತು. ಹಿಂದ ಕುಂಡ್ರಿ, ನಾ ಕರ್ಕೊಂಡ್ ಹೋಕ್ಕೀನಿ," ಎಂದರು. ಊರೆಲ್ಲ ನೋಡುತ್ತಿದ್ದುದರಿಂದ ಮನೆಗೆ ತಿರುಗಿ ಹೋಗುವುದಕ್ಕಿಂತ ಹಿಂದೆ ಕೂರುವುದೇ ಮರ್ಯಾದೆಯೆಂದು ಅವರಿಗೆ ಕಂಡಿರಬೇಕು. ಕುಳಿತರು.

ಆ ಪ್ರಯಾಣವನ್ನು ನಾನು ಮೊಣಕಾಲನ್ನು ಮೂಗಿಗೆ ಹಚ್ಚಿಕೊಂಡು ಮಾಡಿದೆ, ಏಕೆಂದರೆ ನನ್ನ ಕಡೆಯ ಸೀಟೂ ಅದೇ ಸೀಟು. ಶಿರಹಟ್ಟಿ ದಾಟುವವರೆಗೆ ಗೌಡರು ಹಿಂದಿನಿಂದ ಎತ್ತು, ಎಮ್ಮೆ, ಲಾರಿಗಳ ಬಗ್ಗೆ ಎಚ್ಚರಿಕೆ ಕೊಡುತ್ತಿದ್ದರು. ಲಾರಿಯ ಕನ್ನಡಿಗಳಲ್ಲಿ ಎಲ್ಲವನ್ನೂ ಮೊದಲೇ ಕಾಣುತ್ತಿದ್ದ ನೀಲಮ್ಮನವರು ಹಾದಿಯ ಮೇಲೆ ಕಣ್ಣಿಟ್ಟು ಗೇರು ಬದಲಿಸುತ್ತಿದ್ದರು. ಗದಗ ಬರುವ ಹೊತ್ತಿಗೆ ಗೌಡರು ಕಿಟಕಿಯಿಂದ ಹೊರಗೆ ನೋಡತೊಡಗಿದ್ದರು.

ಸಭೆ ಇನ್ನೂ ಶುರುವಾಗಿರಲಿಲ್ಲ. ಗೌಡರು ರೂಢಿಯಂತೆ ಮುಂದೆ ನಡೆದರು. ಬಾಗಿಲಲ್ಲಿದ್ದ ಸಿಪಾಯಿ ಅವರ ಹಿಂದೆ ಬಂದ ಗಿಡ್ಡ ಆಕೃತಿಯನ್ನು ಕಂಡು, "ಗೌಡ್ರ, ಇವತ್ತ ಸದಸ್ಯರ ಬಂದಾರಲ್ರಿ. ನೀವು ಹೊರಗ ಕುಂಡ್ರಿ," ಎಂದ. ನೀಲಮ್ಮನವರು ಒಳಗೆ ಹೋದರು. ಗೌಡರು ಬಂದು ನನ್ನ ಜೊತೆ ಗಾಡಿಯಲ್ಲಿ ಕುಳಿತರು. ನಾವಿಬ್ಬರೂ ಬಹಳ ಹೊತ್ತು ಮಳೆಯ ಬಗ್ಗೆ ಮಾತನಾಡಿದೆವು. ಆ ವಿಷಯದಲ್ಲಿ ನಮಗೆ ಭಿನ್ನಾಭಿಪ್ರಾಯವಿರಲಿಲ್ಲ.

ಈ ಕಸುಬಿಗೆ ಬರುವವರಿಗೆ ನಾನು ಹೇಳಬೇಕಾದದ್ದು ಇಷ್ಟೇ. ಈಗ ಯಂತ್ರ ಹಚ್ಚಿದರೆ ಕಾರಿನ ರೋಗವನ್ನು ಅದೇ ಓದಿ ಹೇಳುತ್ತದೆ, ಬಹಳ ಅನುಕೂಲ. ಆದರೆ ಗಾಡಿಯನ್ನು ಯಾರು ನಡೆಸುತ್ತಾರೆ, ಅವರ ಕಾಲು ಎಲ್ಲಿಯವರೆಗೆ ಎಟುಕುತ್ತದೆ, ಅವರನ್ನು ಗಾಡಿಯಿಂದ ಇಳಿಸಲು ಯಾರು ಕಾದಿದ್ದಾರೆ ಎಂಬುದನ್ನು ಯಂತ್ರ ಹೇಳುವುದಿಲ್ಲ. ಅದನ್ನು ಕೇಳಿ ತಿಳಿದುಕೊಳ್ಳಬೇಕು. ಹತ್ತಿಯನ್ನು ಮಾತ್ರ ಗಿರಣಿಗೆ ಹಾಕಿಸಿಯೇ ತುಂಬಬೇಕು.

ನೀಲಮ್ಮನವರು ಹೊರಬಂದಾಗ ಮಧ್ಯಾಹ್ನ ಇಳಿದಿತ್ತು. ಅವರು ಚಕ್ರದ ಹಿಂದೆ ಕುಳಿತು, ಸೆರಗನ್ನು ಸರಿಪಡಿಸಿಕೊಂಡು, ಕನ್ನಡಿಯನ್ನು ನೋಡಿಕೊಂಡರು.

"ಏನಾತು?" ಎಂದರು, ಅವರನ್ನು ಕಂಡು ಗಾಡಿಯಿಂದ ಇಳಿದಿದ್ದ ಗೌಡರು.

"ಆತು. ಟಾಕಿ ಕೆಳಗಿನ ಓಣಿಗೆ."

ಗೌಡರು ಹಿಂದೆ ಹತ್ತಿ ಕುಳಿತು, ಇಡೀ ಗಾಡಿ ನಡುಗುವಂತೆ ಬಾಗಿಲನ್ನು ಧಡಾರನೆ ಎಳೆದುಕೊಂಡರು.

ನೀಲಮ್ಮನವರು ಕೀಲಿ ತಿರುಗಿಸದೆ ಕುಳಿತರು. ಹಿಂದೆ ತಿರುಗದೆ, ಒಳಗಿನ ಕನ್ನಡಿಯಲ್ಲಿ ಅವರನ್ನು ನೋಡುತ್ತ ಹೇಳಿದರು: "ಮೆಲ್ಲಕ ಹಾಕ್ರಿ ಸಣ್ಣಗೌಡ್ರ. ನನ್ನ ಗಾಡಿ ಐತಿ."

ಗೌಡರು ಬಾಗಿಲನ್ನು ಮತ್ತೆ ತೆರೆದು, ಮೆಲ್ಲಗೆ ಹಾಕಿದರು.